ಬೆಳ್ಳಿಯವರ ಮನೆ

ಆ ದಿನಗಳಲ್ಲಿ ನಮ್ಮ ಕುರ್ಡಿಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಹುಡುಗಿಯರ ತಲೆಯೆಲ್ಲ ಬೆಳ್ಳಗಾಗುತ್ತಿತ್ತು. ಕೂದಲಲ್ಲಿ ಸಿಕ್ಕ ಅರಳೆಯನ್ನು ನಾನೂ ಅಕ್ಕ ಹುಲಿಗೆವ್ವನೂ ಒಬ್ಬರಿಗೊಬ್ಬರು ಆರಿಸಿಕೊಳ್ಳುತ್ತಿದ್ದೆವು. ಮಧ್ಯಾಹ್ನ ಬದುವಿನ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ತಿಂದು ಕಲ್ಲಾಡುತ್ತಿದ್ದೆವು. ಅಕ್ಕ ಕಲ್ಲಾಟದಲ್ಲಿ ಮೋಸ ಮಾಡುತ್ತಿದ್ದಳು. ಕೇಳಿದರೆ, "ನೀ ಕಣ್ಣು ಮುಚ್ಚಿದ್ದಿ, ನಾ ಏನು ಮಾಡ್ಲಿ?" ಎನ್ನುತ್ತಿದ್ದಳು.

ಅಪ್ಪ ಸತ್ತಿದ್ದ. ಅಕ್ಕ ಮೈನೆರೆದು ವರ್ಷವಾಗಿತ್ತು. ಬೆಳೆದ ಹುಡುಗಿಯನ್ನು ಹೊಲಕ್ಕೆ ಕಳಿಸುತ್ತಾಳೆಂದು ಊರು ಅವ್ವನನ್ನು ಆಡಿಕೊಳ್ಳುತ್ತಿತ್ತು, ಕಳಿಸದಿದ್ದರೆ ಹೊಟ್ಟೆಗಿಲ್ಲ. ಆ ಸುಗ್ಗಿಯಲ್ಲಿ ದೇವದುರ್ಗದ ಕಡೆಯವಳೆಂದು ಒಬ್ಬ ಹೆಂಗಸು ನಮ್ಮ ಜೊತೆ ಹತ್ತಿ ಬಿಡಿಸಲು ಬಂದಳು. ನಮ್ಮ ರೊಟ್ಟಿಯನ್ನೇ ತಿಂದಳು. ಅವ್ವನಿಗೆ, "ನನ್ನ ತಮ್ಮಗ ಹೆಣ್ಣು ನೋಡಾಕತ್ತೀವಬೇ. ದೂರದ ಊರಾಗ ಗಿರಣ್ಯಾಗ ಅದಾನ. ವರದಕ್ಷಿಣಿ ಬ್ಯಾಡ, ಸೀರಿ ನಾವೇ ತರತೀವಿ" ಎಂದಳು.

ಸೋದರಮಾವ ಬಂದ. ಅವನು ಕೇಳಿದ್ದು ಒಂದೇ: "ನಿಮ್ಮದು ಯಾವ ಬೆಡಗು?"

ಬೆಡಗು ಅಂದರೆ ನಮ್ಮಲ್ಲಿ ಗೋತ್ರವಿದ್ದ ಹಾಗೆ. ಒಂದೇ ಬೆಡಗಿನವರು ಅಣ್ಣತಂಗಿ ಲೆಕ್ಕ, ಲಗ್ನ ನಡೆಯದು. ನಾವು ಅರಿಶಿಣದವರು.

"ಬೆಳ್ಳಿಯವರು ನೋಡಪ್ಪಾ" ಎಂದಳು ಆ ಹೆಂಗಸು.

"ಕೂಡ್ತದ" ಎಂದ ಮಾವ. ಗಿರಣಿ ಯಾವ ಊರಲ್ಲಿ, ಮನೆ ಯಾವ ಓಣಿಯಲ್ಲಿ, ಯಾರೂ ಕೇಳಲಿಲ್ಲ. ಅಷ್ಟು ಬಿಡಿಸಿ ಕೇಳಿದರೆ ಬೀಗರಿಗೆ ಅವಮಾನವಂತೆ.

ಹನುಮಪ್ಪನ ಗುಡಿಯಲ್ಲಿ ತಾಳಿ ಕಟ್ಟಿಸಿದರು. ವರ ಗುಡಿಯಿಂದಲೇ ಬಸ್ಸಿಗೆ ಹೊರಟ. ಮದುಮಗಳ ಜೊತೆ ತಂಗಿ ಹೋಗುವುದು ನಮ್ಮಲ್ಲಿ ಪದ್ಧತಿ. ನಾನು ಹೊಸ ಲಂಗ ಹಾಕಿಕೊಂಡು ಮಾನ್ವಿಯ ಬಸ್ ನಿಲ್ದಾಣದವರೆಗೆ ಹೋದೆ. ಅಲ್ಲಿಂದ ಅವರು ರಾಯಚೂರಿಗೆ ಹೋಗಿ ರೈಲು ಹತ್ತಬೇಕಿತ್ತು. "ಇಕಿ ಇನ್ನೂ ಸಣ್ಣಾಕಿ, ಮುಂದಿನ ಸಲ ಬಂದು ಒಯ್ಯತೀನಿ" ಎಂದು ಆ ಹೆಂಗಸು ನನ್ನ ಗಲ್ಲ ಹಿಡಿದಳು. ರೈಲು ನೋಡಲು ಸಿಗಲಿಲ್ಲವೆಂದು ನಾನು ಅತ್ತೆ. ಅಕ್ಕ ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡಿ ನಕ್ಕಳು.

ಪಂಚಮಿಗೆ ಮಗಳನ್ನು ಕರೆತರಬೇಕು. ಅವ್ವ ಉಂಡಿ ಕಟ್ಟಿದಳು, ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದಳು. ಮಾವ ದೇವದುರ್ಗಕ್ಕೆ ಹೋಗಿ, "ಬೆಳ್ಳಿಯವರ ಮನಿ ಯಾವುದ್ರೀ?" ಎಂದು ಓಣಿ ಓಣಿ ಕೇಳಿದ. ಆ ಬೆಡಗಿನ ಮನೆಗಳು ಬೇಕಾದಷ್ಟಿದ್ದವು. ಹೋದ ಮನೆಯವರೆಲ್ಲ ಬೀಗನೆಂದು ನೀರು ಕೊಟ್ಟು ರೊಟ್ಟಿ ಹಾಕಿದರು. ಅಂಥ ಹೆಂಗಸನ್ನು ಕಂಡವರಿಲ್ಲ. ಠಾಣೆಗೆ ಹೋದರೆ, "ಲಗ್ನ ಮಾಡಿ ಕೊಟ್ಟೀರಿ. ಕಳವು ಎಲ್ಲಿ ಆತು?" ಎಂದರಂತೆ. ಮಾವ ತುಂಬಿದ ಹೊಟ್ಟೆಯಲ್ಲಿ ಬರಿಗೈಯಲ್ಲಿ ಬಂದ. ಅವ್ವ ಜೋಕಾಲಿಯ ಹಗ್ಗ ಬಿಚ್ಚಿದಳು.

ನಾನು ಮೈನೆರೆದ ಮೇಲೆ ಅಕ್ಕ ಒಬ್ಬಳೇ ಬಂದಳು. ರೈಲು ಇಳಿದ ಊರಲ್ಲೇ ಅವಳನ್ನು ಮಾರಿ ಹೋಗಿದ್ದರು. ಅಷ್ಟೇ ಹೇಳಿದಳು. ಕೆಮ್ಮುತ್ತಿದ್ದಳು. ಬಾಗಿಲು ಹಾಕಿದರೆ ಬೆವರುತ್ತಿದ್ದಳು. ಗಂಡಸರ ಚಪ್ಪಲಿಯ ಸದ್ದಾದರೆ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ನಾನು ಕಲ್ಲು ಹಿಡಿದು ಕೂತರೆ ನನ್ನ ಕೈ ನೋಡುತ್ತಿದ್ದಳು, ಅಷ್ಟೆ.

ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೋ ಇಲ್ಲವೋ ಎಂದು ಕುಲದ ಹಿರಿಯರು ಕಟ್ಟೆಯ ಮೇಲೆ ಕೂಡಿದರು. ಮೊದಲು ಕೇಳಿದ್ದು, "ನಿನ್ನ ಇಟ್ಕೊಂಡಾವನ ಬೆಡಗು ಯಾವುದು?"

"ಒಬ್ಬ ಆಗಿದ್ರ ಕೇಳತಿದ್ದೆ ಯಪ್ಪಾ" ಎಂದಳು ಅಕ್ಕ.

ಹಿರಿಯರು ಧೋತರ ಝಾಡಿಸಿಕೊಂಡು ಎದ್ದರು. ಅಲ್ಲಿಗೆ ಮುಗಿಯಿತು. ನಮ್ಮ ಮನೆಯ ನೀರನ್ನು ಯಾರೂ ಮುಟ್ಟಲಿಲ್ಲ. ಅಕ್ಕನನ್ನು ಹತ್ತಿ ಬಿಡಿಸಲೂ ಕರೆಯಲಿಲ್ಲ. ಹಿತ್ತಲ ಗುಡಿಸಲಲ್ಲಿ ಮಲಗಿ ಮಲಗಿ ಸತ್ತಳು. ಹೆಗಲು ಕೊಡುವವರಿಲ್ಲದೆ ಮಾವ ಬಂಡಿಯಲ್ಲಿ ಒಯ್ದ.

ಈಗ ಕಾಲುವೆ ನೀರು ಬಂದು ಆ ಹತ್ತಿ ಹೊಲವೆಲ್ಲ ಭತ್ತದ ಗದ್ದೆಯಾಗಿದೆ. ಬೇವಿನ ಮರ ಇಲ್ಲ. ಹುಲಿಗೆವ್ವ ಎಂಬವಳು ಇದ್ದಳೆಂದು ಹೇಳಲು ಉಳಿದವಳು ನಾನೊಬ್ಬಳು. ಮೊನ್ನೆ ನನ್ನ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ನಿಮ್ಮ ಮನಿ ಎಲ್ಲಿ ಅದ? ಬಾಜೂ ಮನಿಯವರು ಯಾರು? ನಾ ಬಂದು ನೋಡತೀನಿ" ಎಂದೆ. ಬಂದವರ ಮುಖ ಸಣ್ಣದಾಯಿತು.

"ಯವ್ವಾ, ಬೀಗರಿಗೆ ಹಂಗ ಕೇಳಬಾರದು. ಒಳಗ ನಡಿ" ಎಂದ ನನ್ನ ಮಗ.

ಒಳಗೆ ಹೋದೆ. ಹೊರಗೆ ಬೆಡಗು ಕೇಳಿದರು, ಹೇಳಿದರು. ಯಾರೋ "ಕೂಡ್ತದ" ಎಂದರು. ಎಲೆ ಅಡಿಕೆಯ ತಟ್ಟೆ ಸರಿದ ಸದ್ದು ಕೇಳಿಸಿತು.