ಅವ್ವನ ಬಾಯಲ್ಲಿ ಅಪ್ಪನ ಹೆಸರು

ಮೈಸೂರಿನಲ್ಲಿ ಡಿಗ್ರಿಗೆ ಸೇರಿ ಅರ್ಥಶಾಸ್ತ್ರ ಮೇಜರ್ ತೆಗೆದುಕೊಂಡಾಗ ಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮೈನರ್ ಇಟಾಲಿಯನ್ ಎಂದ ಕೂಡಲೇ ನಮ್ಮೂರು ಶಾಗ್ಯದ ಮನೆ ಪಂಚಾಯಿತಿ ಕಟ್ಟೆಯಾಯಿತು. ಪರದೇಶದ ಮಾತು ಕಲಿತ ಹುಡುಗಿಯರು ಊರಿಗೆ ತಿರುಗಿ ಬರುವುದಿಲ್ಲ ಎಂದು ಯಳಂದೂರಿನ ಅತ್ತೆ ಫೋನಿನಲ್ಲೇ ಅಪ್ಪನ ಕಿವಿ ಊದಿದಳು. ಪರದೇಶ ಹಾಗಿರಲಿ, ಅತ್ತೆ ಕೊಳ್ಳೇಗಾಲ ದಾಟುವುದೇ ಅಪರೂಪ. ಸೋಮವಾರ ತಾನೇ ನನ್ನೊಂದಿಗೆ ಬಂದು ಮೈನರ್ ಬದಲಾಯಿಸುವುದೆಂದು ಅಪ್ಪ ತೀರ್ಮಾನಿಸಿಬಿಟ್ಟ. ನನಗೆ ಮೈಯೆಲ್ಲ ಉರಿ. ಆ ತರಗತಿ ನನಗೆ ಅಷ್ಟು ಇಷ್ಟವಾಗಿತ್ತು.

ಭಾನುವಾರ ಬೆಳಿಗ್ಗೆ ಅವ್ವ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ಅಪ್ಪನ ಮೇಲಿನ ಸಿಟ್ಟಿಗೆ ನಾನು ಪಕ್ಕದಲ್ಲೇ ಕೂತು, ಮನೆಯವರನ್ನು ಪರಿಚಯಿಸುವ ಇಟಾಲಿಯನ್ ವಾಕ್ಯಗಳನ್ನು ಗಟ್ಟಿಯಾಗಿ ಹೇಳತೊಡಗಿದೆ. ಅವ್ವ ಸೋಬಾನೆ ಪದಕ್ಕೆ ಸೊಲ್ಲು ಕೊಟ್ಟ ಹಾಗೆ ಹಿಂದಿನಿಂದ ಹೇಳುತ್ತಾ ಬಂದಳು. ಒಂದೊಂದಕ್ಕೂ ಅರ್ಥ ಕೇಳಿದಳು. 'ಮಿಯೊ ಮರೀತೊ ಸಿ ಕ್ಯಾಮ' ಅಂದರೆ ನನ್ನ ಗಂಡನ ಹೆಸರು ಇಂಥದ್ದು ಎಂದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಗಂಡನ ಹೆಸರು ಕೇಳಿದರೆ ಅವ್ವ ನನ್ನನ್ನು ತಿವಿಯುತ್ತಾಳೆ, ನಾನು ಹೇಳಬೇಕು. ಅಪ್ಪನಿಗೆ ಇಟ್ಟಿರುವುದು ಮನೆದೇವರ ಹೆಸರು. ಹಾಗಾಗಿ ದೇವರನ್ನೂ ಅವಳು 'ಬೆಟ್ಟದಪ್ಪ' ಎಂದೇ ಕರೆಯುವುದು.

ಅಂಥವಳು ಸೊಪ್ಪಿನಿಂದ ಕಣ್ಣೆತ್ತದೆ ಆ ವಾಕ್ಯ ಹೇಳಿದಳು. ಕೊನೆಗೆ ಅಪ್ಪನ ಹೆಸರನ್ನೂ, ಪೂರ್ತಿಯಾಗಿ, ಹೇಳಿಬಿಟ್ಟಳು.

ಬಾಗಿಲಲ್ಲಿ ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಅಪ್ಪನಿಗೂ ಕೇಳಿಸಿತ್ತು. ಹೊರೆ ಇಳಿಸುವುದನ್ನೇ ಮರೆತಿದ್ದ. ಏನವ್ವ ಹೀಗೆ ಮಾಡಿದೆ ಎಂದು ನಾನು ಪಿಸುಗುಟ್ಟಿದೆ.

"ಅದು ನಮ್ ಮಾತಲ್ವಲ್ಲ ಕಣವ್ವ," ಎಂದಳು, ಅಪ್ಪ ಬಂದದ್ದು ನೋಡದೆ. "ಅದ್ರಲ್ಲಿ ಯೋಳುದ್ರೆ ಯಾವ ದೇವ್ರಿಗೆ ಗೊತ್ತಾದದು?"

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಅವನು ಹೊರೆಯನ್ನು ಮೆಲ್ಲಗೆ ಇಳಿಸಿ ಹೊಸ್ತಿಲ ಮೇಲೆ ಕೂತ. "ಇನ್ನೊಂದ್ಸಲ ಯೋಳು," ಎಂದ.

ಅವ್ವ ಬೆಚ್ಚಿಬಿದ್ದು ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಮತ್ತೆ ಹೇಳಲಿಲ್ಲ.

ಸೋಮವಾರ ಹನೂರು ಬಸ್ ನಿಲ್ದಾಣಕ್ಕೆ ಅಪ್ಪನ ಜೊತೆ ಹೋಗುವಾಗ, ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದೆ. ಕೊಳ್ಳೇಗಾಲದ ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿ ಬ್ಯಾಗು ಕೊಟ್ಟ ಅಪ್ಪ ತಾನು ಇಳಿದುಬಿಟ್ಟ. ನೀನು ಬರುವುದಿಲ್ಲವಾ ಎಂದೆ. ಅವನು ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ನನ್ನೆಂಡ್ತಿ ಎಸ್ರು ಇಂತದ್ದು ಅನ್ನಕೆ ಆ ಮಾತಲ್ಲಿ ಎಂಗನ್ಬೇಕು?"

ಹೇಳಿಕೊಟ್ಟೆ. ತಡವರಿಸುತ್ತಾ ಹೇಳಿದ. ಕೊನೆಯಲ್ಲಿ ಅವ್ವನ ಹೆಸರು ಸೇರಿಸಿದ. ಹುಟ್ಟಿದಾಗಿನಿಂದ ಅಪ್ಪ ಅವಳನ್ನು 'ಲೇ' ಎಂದು ಕರೆದದ್ದನ್ನಷ್ಟೇ ಕೇಳಿದ್ದವಳು ನಾನು.

ಬಸ್ಸು ಹೊರಟಿತು. ಎಲ್ಲಿಗೆ ಎಂದು ಕಂಡಕ್ಟರ್ ಮತ್ತೆ ಮತ್ತೆ ಕೇಳುತ್ತಿದ್ದ. ಊರಿನ ಹೆಸರು ನನ್ನ ಬಾಯಿಗೇ ಬರಲಿಲ್ಲ.