ತಿದ್ದುವ ಚಟ

ನನ್ನನ್ನು ನಾನು ಸುಧಾರಿಸಿಕೊಳ್ಳಲು ಹೊರಟದ್ದು ಇದೇ ಮೊದಲಲ್ಲ. ಬೆಳಿಗ್ಗೆ ಐದೂವರೆಗೆ ಏಳುವ ನಿಶ್ಚಯ ನಾಲ್ಕು ದಿನ ಬಾಳಿತು. ಸಕ್ಕರೆಯಿಲ್ಲದ ಚಹಾ ಒಂಬತ್ತು ದಿನ. ಯೋಗಕ್ಕೆಂದು ತಂದ ಚಾಪೆಯ ಮೇಲೆ ಈಗ ಹೆಂಡತಿ ಸುಮಾ ಬಟ್ಟೆ ಹಾಸಿ ಸಂಡಿಗೆ ಒಣಗಿಸುತ್ತಾಳೆ. ಇವುಗಳಲ್ಲಿ ಸೋತು ನಾನು ಕಳೆದುಕೊಂಡದ್ದು ಹೆಚ್ಚೇನಿಲ್ಲ. ಆದರೆ ಹೋದ ವರ್ಷ ಬಿಡಲು ಹೊರಟ ಚಟ ಅಂಥದ್ದಲ್ಲ. ಅದರಿಂದ ಮಗಳ ಮಾತನ್ನೇ ಕಳೆದುಕೊಂಡಿದ್ದೆ.

ನನ್ನದು ತಿದ್ದುವ ಚಟ. ವಿಕ್ರೋಳಿಯ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬೇರೆಯವರು ಬರೆದ ಪತ್ರಗಳನ್ನು ತಿದ್ದುತ್ತಿದ್ದೇನೆ. ಸಂಜೆ ಪೆನ್ನು ಮೇಜಿನ ಮೇಲೇ ಉಳಿಯುತ್ತದೆ. ಕಣ್ಣು, ಕಿವಿ ಮಾತ್ರ ನನ್ನ ಜೊತೆ ಲೋಕಲ್ ರೈಲು ಹತ್ತಿ ಆಂಟಾಪ್ ಹಿಲ್‌ನ ಮನೆಗೆ ಬಂದುಬಿಡುತ್ತವೆ. ಹೋಟೆಲಿನ ಬೋರ್ಡು, ಮದುವೆಯ ಕರೆಯೋಲೆ, ಬಿಲ್ಡಿಂಗಿನ ನೋಟೀಸು, ಯಾವುದೂ ನನ್ನಿಂದ ಪಾರಾದದ್ದಿಲ್ಲ.

ಮಗಳು ಸ್ನೇಹಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡ ನಾಡಿನ ಹೊರಗೆ. ಪರೇಲಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಹಿಂದಿ, ಮರಾಠಿ ಸರಾಗ. ಕನ್ನಡದಲ್ಲಿ ಮಾತ್ರ ತಡವರಿಸುತ್ತಾಳೆ. ನನ್ನ ಜೊತೆ ಹಿಂದಿಯಲ್ಲೇ ಮಾತು, ಅದೂ ಎಷ್ಟು ಬೇಕೋ ಅಷ್ಟೇ. ಈಗಿನ ಮಕ್ಕಳೇ ಹಾಗೆ ಎಂದುಕೊಂಡು ಸುಮ್ಮನಿದ್ದೆ. ಒಂದು ಭಾನುವಾರ ಬಾಲ್ಕನಿಯಿಂದ ಅವಳ ನಗು ಕೇಳಿಸಿತು. ಧಾರವಾಡದಲ್ಲಿರುವ ನನ್ನ ತಾಯಿಯ ಜೊತೆ ಅರ್ಧ ಗಂಟೆಯಿಂದ ಫೋನಿನಲ್ಲಿ ಹರಟುತ್ತಿದ್ದಳು, ಕನ್ನಡದಲ್ಲಿ! ವಾಕ್ಯಕ್ಕೆ ಮೂರು ತಪ್ಪು, ಆದರೂ ಎಲ್ಲೂ ನಿಲ್ಲದ ಮಾತು.

"ನನ್ನ ಜೋಡಿ ಯಾಕ ಹಿಂಗ ಮಾತಾಡಂಗಿಲ್ಲ?" ಎಂದು ಆಮೇಲೆ ಕೇಳಿದೆ.

"ಅಜ್ಜಿ ನಾನು ಏನ್ ಹೇಳ್ತೀನಿ ಅದು ಕೇಳ್ತಾಳೆ. ನೀವು ಹೆಂಗ್ ಹೇಳ್ತೀನಿ ಅದು ಕೇಳ್ತೀರಿ, ಪಪ್ಪಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಆ ಮಾತನ್ನೂ ತಿದ್ದಲು ನನ್ನ ಬಾಯಿ ತೆರೆದಿತ್ತು. ಸುಮಾ ನನ್ನ ಮುಖ ನೋಡಿದಳು. ಮುಚ್ಚಿದೆ.

ಚಟ ಬಿಡುವುದೆಂದರೆ ಏನನ್ನೋ ಮಾಡದೆ ಇರುವುದು ತಾನೆ, ಅದರಲ್ಲೇನು ಕಷ್ಟ ಎಂದುಕೊಂಡಿದ್ದೆ. ಎರಡೇ ದಿನದಲ್ಲಿ ಸುಸ್ತಾದೆ. ಆಗ ಸುಮಾ ಉಪಾಯ ಹೇಳಿದಳು. "ಅಕಿ ಮಾತಾಡೂ ಮುಂದ ಬಾಯಾಗ ಒಂದು ಲವಂಗ ಇಟ್ಕೋರಿ. ತಿದ್ದಬೇಕ ಅನ್ನಿಸಿದ್ರ ಕಡೀರಿ."

ಸ್ನೇಹಾ ನನ್ನನ್ನು ಪರೀಕ್ಷಿಸುವವಳಂತೆ ದಿನಕ್ಕೊಂದೆರಡು ಕನ್ನಡ ವಾಕ್ಯ ಆಡತೊಡಗಿದಳು. ನನ್ನ ನಾಲಿಗೆ ಉರಿದುಹೋಯಿತು. ವಾಸನೆ ಹಿಡಿದು ಒಮ್ಮೆ ಅವಳೇ ಕೇಳಿದಳು, "ಪಪ್ಪಾ, ದಾಂತ್ ನೋವಾ?"

"ಹಲ್ಲು," ಎಂದುಬಿಟ್ಟೆ.

ಮುಂದಿನ ನಾಲ್ಕು ದಿನ ಮತ್ತೆ ಹಿಂದಿ.

ಹೀಗೆ ಬೀಳುತ್ತ ಏಳುತ್ತ ತಿಂಗಳುಗಳು ಹೋದವು. ತಪ್ಪು ಹುಡುಕುವ ಕೆಲಸದಿಂದ ಬಿಡುವು ಸಿಕ್ಕ ಕಿವಿಗೆ ಬೇರೆ ಸಂಗತಿಗಳು ಬೀಳತೊಡಗಿದವು. ಮಗಳು ಮಧ್ಯಾಹ್ನದ ಊಟ ನಿಂತುಕೊಂಡೇ ಮಾಡುತ್ತಾಳೆ. ಹಿರಿಯ ಡಾಕ್ಟರೊಬ್ಬರನ್ನು ಕಂಡರೆ ಅವಳಿಗೆ ಭಯ. ಬೇರೆಯವರ ಮಂಡಿಗೆ ವ್ಯಾಯಾಮ ಮಾಡಿಸುವ ಅವಳಿಗೆ ಸ್ವತಃ ಬೆನ್ನುನೋವು. ಇವನ್ನೆಲ್ಲ ಅವಳು ಮೊದಲೂ ಹೇಳಿದ್ದಿರಬಹುದು. ನಾನು ವಿಭಕ್ತಿ ನೋಡುತ್ತ ಕೂತಿದ್ದೆ.

ಹೋದ ತಿಂಗಳು ಒಂದು ಸಂಜೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು. ವಿಜಯಪುರದಿಂದ ಬಂದ ಮುದುಕಿಯೊಬ್ಬಳಿಗೆ ಪಾರ್ಶ್ವವಾಯು ಹೊಡೆದು ಎಡಗಾಲು ಸತ್ತಂತಾಗಿತ್ತಂತೆ. ಕನ್ನಡ ಬಿಟ್ಟು ಬೇರೆ ಮಾತು ಬಾರದ ಜೀವ. ಮೂರು ವಾರಗಳಿಂದ ಇವಳೇ ತನ್ನ ಮುರುಕು ಕನ್ನಡದಲ್ಲಿ "ಎತ್ತಿ ಆಯಿ, ಸ್ವಲ್ಪ ಎತ್ತಿ" ಎಂದು ಬೇಡುತ್ತಿದ್ದಳಂತೆ.

"ಪಪ್ಪಾ, ಇವತ್ತು ಆಯಿಯ ಕಾಲು ಎದ್ದಳು!"

ಅವಳ ಕಣ್ಣು ತುಂಬಿತ್ತು.

"ಹೌದಾ! ಎಷ್ಟು ಮ್ಯಾಲೆ ಎದ್ದಳು?" ಎಂದೆ.

ಅಂದಮೇಲೆಯೇ ನಾನಂದದ್ದು, ಅವಳದೇ ತಪ್ಪಿನ ಸಮೇತ, ನನ್ನ ಕಿವಿಗೆ ಬಿತ್ತು. ಅವಳಿಗೆ ಬೀಳಲಿಲ್ಲ. ಹೆಬ್ಬೆರಳು, ತೋರುಬೆರಳು ಅಗಲಿಸಿ, "ಇಷ್ಟು," ಎಂದು ತೋರಿಸಿದಳು. ನಡುವೆ ಒಂದಿಂಚೂ ಇರಲಿಲ್ಲ.

ಐವತ್ತನಾಲ್ಕು ದಾಟಿದ ಮನುಷ್ಯ ಸುಧಾರಿಸುವುದೂ ಹೆಚ್ಚುಕಡಿಮೆ ಅಷ್ಟೇ ಇರಬೇಕು.