ಮನೆಗೊಂದಾಳು, ಬೆಂಚಿಗೊಂದಾಳು

ಐದು ತಿಂಗಳಿಂದ ಈ ಕತೆ ನನ್ನ ಹೊಟ್ಟೆಯಲ್ಲೇ ಕೂತಿತ್ತು. ಬರೆಯೋಣವೆಂದರೆ ಹುಡುಗನ ಪರೀಕ್ಷೆ. ಪರೀಕ್ಷೆ ಮುಗಿಯಿತೆಂದರೆ ರಿಸಲ್ಟು. ಕಳೆದ ವಾರ ರಿಸಲ್ಟು ಬಂತು, ಹುಡುಗ ಪಾಸು. ಇನ್ನು ಯಾವ ಯೂನಿವರ್ಸಿಟಿಯೂ ಅವನ ಕೂದಲು ಕೊಂಕಿಸಲಾರದು. ಹಾಗಾಗಿ ಇವತ್ತು ಬಾಯಿ ಬಿಡುತ್ತೇನೆ. (ಹೆಸರುಗಳನ್ನು ಬದಲಿಸಿದ್ದೇನೆ. ಕೆರಗೋಡಿನವರು ಗುರುತು ಹಿಡಿದರೆ ದಯವಿಟ್ಟು ನಕ್ಕು ಸುಮ್ಮನಾಗಿ.)

ಆವತ್ತು ಬೆಳಗ್ಗೆ ಮಂಡ್ಯದ ನನ್ನ ಮನೆ ಜಗಲಿಯಲ್ಲಿ ಕೂತು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದೆ. ಕೆರಗೋಡಿನ ಬೋರೇಗೌಡರು ಬಂದರು. ನನ್ನ ಹಳೇ ಕಕ್ಷಿದಾರರು. ಎರಡು ಕೇಸು ನನ್ನ ಕೈಗೆ ಕೊಟ್ಟಿದ್ದರು, ಎರಡನ್ನೂ ಸೋತಿದ್ದೇನೆ. ಆದರೂ ನಾನೇ ಬೇಕು. (ಇಂಥವರು ಇರುವುದರಿಂದಲೇ ನಮ್ಮ ವಕೀಲಿ ಕಸುಬು ನಡೆಯುತ್ತಿದೆ.) ಅವರ ಹಿಂದೆ ಹಿರಿಮಗ ಸಿದ್ದೇಗೌಡ ನಿಂತಿದ್ದ. ಮೈಮೇಲೆ ಕೋಟು! ಅದರ ತೋಳು ಮೊಣಕೈ ದಾಟಿ ಒಂದಿಷ್ಟು ದೂರ ಬಂದು ನಿಂತುಬಿಟ್ಟಿತ್ತು. ಕಬ್ಬು ಕಡಿಯುವ ಆಳಿಗೆ ಈ ಕೋಟು ಎಲ್ಲಿಂದ ಬಂತು?

"ಲಾಯರಿಗಳೇ, ಕಾಲೇಜ್ನೋರು ಕಾಗ್ಜ ಬರ್ದವ್ರೆ. ಇಂಗ್ಲೀಸು. ಒಸಿ ನೋಡಿ ಯೋಳಿ," ಎಂದರು ಗೌಡರು.

ನೋಡಿದೆ. ಸೋಪು ಕೆನ್ನೆಯ ಮೇಲೇ ಒಣಗಿತು. ಗೌಡರ ಕಿರಿಮಗ ಪುಟ್ಟಸ್ವಾಮಿ ಮೈಸೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದ. ಅವನ ಬದಲು ಬೇರೊಬ್ಬ ಕ್ಲಾಸಿನಲ್ಲಿ ಕೂತು ಹಾಜರಿ ಹೇಳಿದ್ದಾನೆ, ಇದು ಮೋಸ, ಪುಟ್ಟಸ್ವಾಮಿಯ ಹೆಸರನ್ನು ರಿಜಿಸ್ಟರಿನಿಂದ ಏಕೆ ಹೊಡೆದುಹಾಕಬಾರದು ಎಂಬುದಕ್ಕೆ ತಂದೆ ಬಂದು ಉತ್ತರ ಹೇಳತಕ್ಕದ್ದು. ಪರೀಕ್ಷೆಗೆ ಇನ್ನೆರಡೇ ತಿಂಗಳಿತ್ತು. ಹೆಸರು ಹೊಡೆದರೆ ಹುಡುಗನ ಓದು ಅಲ್ಲಿಗೆ ಮುಗಿಯಿತು.

"ಯಾರು ಗೌಡ್ರೆ ಆ ಬೇರೊಬ್ಬ?"

"ಇನ್ಯಾರು, ಇವ್ನೇಯ," ಎಂದು ಸಿದ್ದನ ಕಡೆ ಗಲ್ಲ ಎತ್ತಿದರು. ಮುಖದಲ್ಲಿ ಒಂದು ಚೂರೂ ಅಳುಕಿಲ್ಲ.

ನಡೆದದ್ದು ಇಷ್ಟು. ಸಂಕ್ರಾಂತಿಗೆ ಊರಿಗೆ ಬಂದ ಪುಟ್ಟಸ್ವಾಮಿಗೆ ಚಳಿಜ್ವರ ಹಿಡಿಯಿತು. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಚಳಿಜ್ವರ ಮನೆ ಮಗನ ಹಾಗೆ ಬಂದು ಹೋಗಿ ಮಾಡುತ್ತದೆ, ಅದನ್ನು ಬಿಡಿ. ಈ ಯುದ್ಧ ಶುರುವಾದ ಮೇಲೆ ಜ್ವರದ ಕ್ವಿನೈನು ಗುಳಿಗೆ ಬೇರೆ ಮಾಯ. ಹುಡುಗ ಕಂಬಳಿಯೊಳಗೆ ನಡುಗುತ್ತಲೇ ಗೋಳಾಡಿದ: "ಅಪ್ಪಾ, ಈಗ್ಲೇ ಅಟೆಂಡೆನ್ಸ್ ಕಮ್ಮಿ ಅದೆ. ಇನ್ನು ಹತ್ ಜಿನ ತಪ್ಪುದ್ರೂ ಪರೀಕ್ಸೆಗೆ ಕೂರುಸಲ್ಲ."

ಬೋರೇಗೌಡರಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಹಾಜರಿ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತು. ವರ್ಷಕ್ಕೊಂದು ಸಲ ನೀರು ಬಿಡುವ ಮೊದಲು ಊರಿನ ಕಾಲುವೆ ಹೂಳು ತೆಗೆಯಬೇಕು. ಮನೆಗೊಂದಾಳು ಬರಬೇಕು. ಪಟೇಲರು ಕಾಲುವೆ ಏರಿಯ ಮೇಲೆ ನಿಂತು ಒಂದೊಂದೇ ಮನೆಯ ಹೆಸರು ಕೂಗುತ್ತಾರೆ. ಆ ಮನೆಯ ಆಳು "ಇವ್ನಿ" ಅನ್ನುತ್ತಾನೆ. ಅಪ್ಪ ಬಂದನೋ, ಅಣ್ಣ ಬಂದನೋ, ಅಳಿಯ ಬಂದನೋ ಯಾರೂ ಕೇಳುವುದಿಲ್ಲ. ಮನೆ ಹಾಜರಿತ್ತೋ ಇಲ್ಲವೋ, ಅಷ್ಟೇ.

"ತಮ್ಮುನ್ಗೆ ಉಸಾರಿಲ್ಲ. ನೀನ್ ಓಗಿ ಕೂತ್ಕೊಳ್ಳಾ," ಎಂದರು. ಸಿದ್ದ ಹೋಗಿ ಕೂತ.

(ನಗಬೇಡಿ. ವಕೀಲನಾಗಿ ಹೇಳುತ್ತೇನೆ, ಇದರಲ್ಲಿ ತರ್ಕದ ತಪ್ಪಿಲ್ಲ.)

ಪುಟ್ಟಸ್ವಾಮಿಯ ರೂಮಿನಲ್ಲಿ ಜೊತೆಗಿದ್ದವನು ಮಳವಳ್ಳಿಯ ಬಷೀರ, ಬಸ್ಸು ರಿಪೇರಿ ಮಾಡುವ ಸಾಬರ ಮಗ. ಅವನೂ ಅದೇ ಕ್ಲಾಸು. ತಮ್ಮನ ಕೋಟು ಅಣ್ಣನಿಗೆ ತೊಡಿಸಿದವನು ಅವನೇ, ಪಾಠ ಹೇಳಿಕೊಟ್ಟವನೂ ಅವನೇ. "ಅಣ್ಣಾ, ಫಿಫ್ಟಿ ಟೂ ಅಂತಾರೆ. ಪ್ರೆಸೆಂಟ್ ಸಾರ್ ಅನ್ನು, ಕೂತ್ಕೊ. ಅಷ್ಟೇ ಕಣಣ್ಣ ಕಾಲೇಜು."

ಅಷ್ಟೇ! ನಾನು ನಾಲ್ಕು ವರ್ಷ ಅಲ್ಲೇ ಮಣ್ಣು ಹೊತ್ತವನು. ಕಾಲೇಜೆಂದರೆ ಏನೆಂದು ಯಾರೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹದಿನೆಂಟು ದಿನ ಸಿದ್ದ ಆ ಬೆಂಚಿನ ಮೇಲೆ ಕೂತ. ಪುಟ್ಟಸ್ವಾಮಿ ಕಡ್ಡಿಪೈಲ್ವಾನ, ಸಿದ್ದನಿಗೆ ಎರಡಾಳಿನ ಭುಜ, ಹುರಿಮೀಸೆ. ದಿನಕ್ಕೆ ನಾಲ್ಕು ಪೀರಿಯಡ್ಡು. ನಾಲ್ಕು ಜನ ಲೆಕ್ಚರರು, ಜರಿಪೇಟ, ಕನ್ನಡಕ, ಡಿಗ್ರಿ ಸಮೇತ ಬಂದರು, ಹಾಜರಿ ಕೂಗಿದರು, ನೋಟ್ಸು ಓದಿದರು, ಹೋದರು. ಒಬ್ಬರಾದರೂ ತಲೆ ಎತ್ತಿ ಐವತ್ತೆರಡನೇ ನಂಬರಿಗೆ ಮೀಸೆ ಯಾವಾಗ ಬಂತು ಎಂದು ನೋಡಬೇಡವೇ?

ನೋಡಲಿಲ್ಲ. ಸಿದ್ದನಿಗೆ ಇಂಗ್ಲಿಷು ಒಂದಕ್ಷರ ಗೊತ್ತಿಲ್ಲ. ಓದಲು ಆಸೆ ಇರಲಿಲ್ಲವೆಂದಲ್ಲ. ಕನ್ನಡ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದಲ್ಲಿ ಅವನೇ ಮೊದಲು. ಆದರೆ ನೇಗಿಲಿಗೂ ಮನೆಗೊಂದಾಳು ಬೇಕಲ್ಲ? ಅವನನ್ನು ಬಿಡಿಸಿ ಪುಟ್ಟಸ್ವಾಮಿಯನ್ನು ಓದಿಸಿದರು. ಈಗ ಸಿಕ್ಕ ಬೆಂಚಿನ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ, ಒಂದು ಮಾತೂ ಅರ್ಥವಾಗದಿದ್ದರೂ ಕಣ್ಣು ಪಿಳುಕಿಸದೆ ಕೂತಿದ್ದನಂತೆ. ಸುತ್ತ ಇಂಗ್ಲಿಷು ಬಲ್ಲವರು ತೂಕಡಿಸುತ್ತಿದ್ದರು. ಬಷೀರ ಹೇಳಿದ್ದು ಇದು.

ಹದಿನೆಂಟನೇ ದಿನ ಎಕನಾಮಿಕ್ಸ್ ಪಾಠ. ಲೆಕ್ಚರರು ನಮ್ಮ ದೇಶದ ಬೇಸಾಯದ ಮೇಲಿನ ನೋಟ್ಸು ಓದಿ ಮುಗಿಸಿದರು. ಗಂಟೆ ಹೊಡೆಯಲು ಇನ್ನೂ ಐದು ನಿಮಿಷ ಇತ್ತು. ದೊಡ್ಡ ಮನಸ್ಸು ಮಾಡಿ ಕನ್ನಡದಲ್ಲಿ ಸಾರಾಂಶ ಹೇಳಿದರು: "ಒಟ್ಟಿನಲ್ಲಿ ತಿಳಕೊಳ್ಳಿ. ನಮ್ಮ ರೈತ ವರ್ಷದಲ್ಲಿ ಅರ್ಧ ಕಾಲ ಕೈಕಟ್ಟಿಕೊಂಡು ಕೂತಿರುತ್ತಾನೆ. ಅದಕ್ಕೇ ಈ ದೇಶ ಬಡದೇಶ."

ಹದಿನೆಂಟು ದಿನದಲ್ಲಿ ಸಿದ್ದನಿಗೆ ತಿಳಿದ ಮೊದಲ ಮಾತು ಅದು. ಎದ್ದು ನಿಂತ. ಬಷೀರ ಕೋಟಿನ ತುದಿ ಹಿಡಿದು ಜಗ್ಗಿದ, ಆಗಲಿಲ್ಲ.

"ಯಾವ್ ಅರ್ಧ ಸಾ?"

ಕ್ಲಾಸಿನಲ್ಲಿ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. ಲೆಕ್ಚರರು ವರ್ಷಗಳ ನಂತರ ಕತ್ತೆತ್ತಿ ನೋಡಿದರು. ಆಮೇಲೆ ನೀನು ಯಾರೆಂಬ ಪ್ರಶ್ನೆ, ಕಾಗದ, ನನ್ನ ಒಣಗಿದ ಸೋಪು.

ಮಾರನೆಯ ದಿನವೇ ಗೌಡರು, ಸಿದ್ದ, ನಾನು ಮೂವರೂ ರೈಲು ಹತ್ತಿ ಮೈಸೂರಿಗೆ ಹೋದೆವು. ಪ್ರಿನ್ಸಿಪಾಲರ ರೂಮಿನಲ್ಲಿ ಆ ಲೆಕ್ಚರರೂ ಕೂತಿದ್ದರು. ಕಾಲೇಜಿನ ಹೆಸರು, ಇವರ ಹೆಸರು ಬರೆಯುವುದಿಲ್ಲ. ನಾಳೆ ನಮ್ಮ ಮನೆ ಹುಡುಗರೂ ಅಲ್ಲಿಗೇ ಹೋಗಬೇಕಲ್ಲ?

"ಇದು ಇಂಪರ್ಸನೇಷನ್! ದೊಡ್ಡ ಅಪರಾಧ!" ಎಂದರು ಪ್ರಿನ್ಸಿಪಾಲರು.

ಗೌಡರು ಕೈ ಮುಗಿದರು. "ಅಂಗಂದ್ರೇನೋ ನಂಗ್ ತಿಳಿಯಾಕಿಲ್ಲ ಸೋಮಿ. ನೀವ್ ಕೊಟ್ಟಿರೋದು ನಮ್ಮನೇಗ್ ಒಂದ್ ಜಾಗ. ಆ ಜಾಗ್ವ ಒಂದ್ ಜಿನಾನೂ ಕಾಲಿ ಬುಟ್ಟಿಲ್ಲ. ಇದ್ರಾಗೆ ಏನ್ ತೆಪ್ಪದೆ ಯೋಳಿ."

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

"ಇವನು ಸ್ಟೂಡೆಂಟ್ ಅಲ್ಲ ಅಂತ ನಿಮಗೆ ಹೇಗೆ ತಿಳೀತು ಸಾರ್?" ಎಂದು ಲೆಕ್ಚರರನ್ನು ಕೇಳಿದೆ. ಅವರು ಎದೆ ಸೆಟೆಸಿ ಉತ್ತರ ಕೊಟ್ಟರು: "ಹನ್ನೊಂದು ವರ್ಷದಿಂದ ಪಾಠ ಮಾಡ್ತಿದೀನಿ. ಇದುವರೆಗೆ ಒಬ್ಬನೇ ಒಬ್ಬ ಸ್ಟೂಡೆಂಟು ಎದ್ದು ಪ್ರಶ್ನೆ ಕೇಳಿಲ್ಲ. ಆಗಲೇ ನನಗೆ ಅನುಮಾನ ಬಂತು."

ಸತ್ಯವಾಗಿಯೂ ಹೀಗೇ ಹೇಳಿದರು. ನಾನು ಒಂದಕ್ಷರ ಸೇರಿಸಿಲ್ಲ.

"ಪಾಠದ ಮಧ್ಯೆ ಅಧಿಕಪ್ರಸಂಗ ಯಾಕಪ್ಪ ಮಾಡಿದೆ?" ಎಂದು ಪ್ರಿನ್ಸಿಪಾಲರು ಸಿದ್ದನ ಮೇಲೆ ತಿರುಗಿದರು.

"ಅಧಿಕಪ್ರಸಂಗ ಅಲ್ಲ ಸಾ," ಎಂದ ಸಿದ್ದ. "ನಮ್ ತಂಗಿ ಮದ್ವೆ ಮಾಡ್ಬೇಕು. ನಾಟಿ ಅಂತ ಒಂದ್ಸಲ ಮುಂದುಕ್ ಓಯ್ತು, ಕುಯ್ಲು ಅಂತ ಒಂದ್ಸಲ ಓಯ್ತು, ಈಗ ಕಬ್ಬು ಕಡಿಯೋದು, ಆಲೇಲಿ ಬೆಲ್ಲ ಕಾಸೋದು. ಪುರಸೊತ್ತೇ ಇಲ್ಲ. ಇವ್ರು ಅರ್ಧ ವರ್ಸ ಸುಮ್ನೆ ಕೂತಿರ್ತೀರಿ ಅಂದ್ರು. ಅದ್ಯಾವ್ ಅರ್ಧ ಅಂತ ಗೊತ್ತಾದ್ರೆ ಆವಾಗ್ಲೇ ಲಗ್ನ ಇಟ್ಕೊಳ್ಳವಾ ಅಂತ ಕೇಳ್ದೆ."

ಲೆಕ್ಚರರು ಕೆಮ್ಮಿದರು. 

ಆಗ ನನ್ನ ಸರದಿ. ಎರಡು ಕೇಸು ಸೋತ ಸೇಡನ್ನೆಲ್ಲ ಒಂದೇ ಉಸಿರಿಗೆ ತೀರಿಸಿಕೊಂಡೆ. "ವಿಚಾರಣೆ ಆಗಲಿ ಸಾರ್. ಹದಿನೆಂಟು ದಿನ, ದಿನಕ್ಕೆ ನಾಲ್ಕು ಪೀರಿಯಡ್ಡು. ಐವತ್ತೆರಡನೇ ನಂಬರು ಹಾಜರಿದ್ದ ಅಂತ ಪ್ರತಿ ಪೀರಿಯಡ್ಡಿಗೂ ನಿಮ್ಮವರೇ ಗುರುತು ಹಾಕಿದ್ದಾರೆ. ಆ ಗುರುತು ಹಾಕುವಾಗ ಅವರು ಏನು ನೋಡ್ತಿದ್ದರು ಅಂತ ನಾಲ್ವರೂ ಬರೆದು ಸಹಿ ಮಾಡಿ ಕೊಡಲಿ. ಎಲ್ಲವನ್ನೂ ಸೇರಿಸಿ ಯೂನಿವರ್ಸಿಟಿಗೆ ಕಳಿಸೋಣ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ಕೊನೆಗೆ, "ಹುಡುಗನಿಗೆ ನಿಜವಾಗಲೂ ಜ್ವರ ಬಂದಿತ್ತು ತಾನೆ?" ಎಂದರು. ಬಂದಿತ್ತು. "ಡಾಕ್ಟರ್ ಸರ್ಟಿಫಿಕೇಟು ತರ್ತೀರಾ?" ತರುತ್ತೇವೆ. ಅರ್ಧ ಗಂಟೆಯಲ್ಲಿ ಮೋಸವಾಗಿದ್ದದ್ದು ಮಲೇರಿಯಾ ಆಯಿತು. ರಾಜಿ ಇಷ್ಟು: ಹದಿನೆಂಟು ದಿನದ ಹಾಜರಿ ಅಳಿಸುವುದು, ಕಮ್ಮಿ ಬಿದ್ದ ಅಟೆಂಡೆನ್ಸನ್ನು ಕಾಯಿಲೆಯ ಕಾರಣಕ್ಕೆ ಮನ್ನಿಸುವುದು, ಯಾರೂ ಎಲ್ಲೂ ಬಾಯಿ ಬಿಡದಿರುವುದು. ಹುಡುಗ ಪರೀಕ್ಷೆಗೆ ಕೂರಬಹುದು.

ಎಲ್ಲರಿಗೂ ಸಮಾಧಾನ. ಬೋರೇಗೌಡರಿಗೆ ಮಾತ್ರ ಇಲ್ಲ. ವಾಪಸು ರೈಲಿನಲ್ಲಿ ಎದುರು ಕೂತ ಮದ್ದೂರಿನ ವ್ಯಾಪಾರಿಯೊಬ್ಬನಿಗೂ ಕೇಳುವ ಹಾಗೆ ಗೊಣಗಿದರು: "ಅಂಗಾರೆ ನಮ್ ಸಿದ್ದ ಕೂತಿದ್ದು ಲೆಕ್ಕುಕ್ಕೇ ಇಲ್ವಾ? ಅಷ್ಟ್ ಜಿನ ಕಬ್ಬು ನಾನೊಬ್ನೇ ಕಡ್ದಿವ್ನಿ!"

"ಓಗ್ಲಿ ಬುಡಪ್ಪ," ಎಂದ ಸಿದ್ದ, ಕೋಟು ಬಿಚ್ಚಿ ಮಡಿಸುತ್ತ. "ಒಳ್ಳೆ ಬೆಂಚು ಕಣಪ್ಪ. ಇನ್ನೊಂದ್ ಜಿನ ಬುಟ್ಟಿದ್ರೆ ಉತ್ರ ಯೋಳೋರೇನೋ."

ನನಗೆ ಅಲ್ಲಿಯವರೆಗೂ ನಗು. ಆ ಮಾತು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕತೆ ಇಲ್ಲಿಗೇ ನಿಲ್ಲಿಸಿದ್ದರೆ ನೀವೂ ನಾನೂ ನಗುತ್ತ ಏಳಬಹುದಿತ್ತು. ಆದರೆ ರಿಸಲ್ಟು ಬಂದ ಮೇಲೆ ಗೌಡರು ಊಟಕ್ಕೆ ಕರೆದರು. ಮೊನ್ನೆ ಭಾನುವಾರ ಕೆರಗೋಡಿಗೆ ಹೋದೆ. ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುವ ಬಸ್ಸು ಎರಡು ಕಡೆ ನಿಂತು ಹೊಗೆ ಕಾರಿ, ನಮ್ಮನ್ನೆಲ್ಲ ಇಳಿಸಿ ತಳ್ಳಿಸಿಕೊಂಡು ಅಂತೂ ತಲುಪಿತು. ಮನೆ ತುಂಬ ನೆಂಟರು. ಹೊಸ ಪಂಚೆ ಉಟ್ಟ ಪುಟ್ಟಸ್ವಾಮಿ ಬಿ.ಎ. ನಡುವೆ ಕೂತಿದ್ದ. ಸಿದ್ದ ಇರಲಿಲ್ಲ, ಗದ್ದೆಯಲ್ಲಿದ್ದ. ಊಟಕ್ಕೆ ಎಲೆ ಹಾಕಿದ ಮೇಲೆ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ಬಂದ, ಕಾಲು ತೊಳೆದು ಸಾಲಿನ ಕೊನೆಗೆ ಕೂತ.

ಗೌಡರಿಗೆ ಹುಮ್ಮಸ್ಸು. "ಏನ್ಲಾ ಪುಟ್ಟಸಾಮಿ, ನಿಮ್ಮಣ್ಣ ಕೇಳುದ್ನಲ್ಲ, ಬೇಸಾಯದ್ ಇಚಾರ, ಅದು ಪರೀಕ್ಸೇಲಿ ಬಂದಿತ್ತಾ?"

"ಬಂದಿತ್ತು ಕಣಪ್ಪ."

"ಏನ್ಲಾ ಬರ್ದೆ? ಎಲ್ರಿಗೂ ಕೇಳಂಗೆ ಯೋಳು!"

ಹುಡುಗ ಎಲೆ ನೋಡಿಕೊಂಡು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದ. ನೆಂಟರೆಲ್ಲ ಬಾಯಿ ತೆರೆದು ಕೇಳಿದರು. ನಾನು ಎತ್ತಿದ ತುತ್ತನ್ನು ಎಲೆಗೆ ಇಳಿಸಿದೆ. ಅದೇ ನೋಟ್ಸು, ಅದೇ ವಾಕ್ಯ. ರೈತ ವರ್ಷದಲ್ಲಿ ಅರ್ಧ ಕಾಲ ಕೈಕಟ್ಟಿಕೊಂಡು ಕೂತಿರುತ್ತಾನೆ. ಹುಡುಗನನ್ನು ಬಯ್ಯಲು ನನಗೇನು ಹಕ್ಕು? ಹದಿನೈದು ವರ್ಷದ ಹಿಂದೆ ನಾನೂ ಆ ವಾಕ್ಯವನ್ನೇ ಅಲ್ಪವಿರಾಮ ಸಮೇತ ಬರೆದು ಪಾಸಾದವನು. ಅವನು ಬರೆಯದಿದ್ದರೆ ಫೇಲು, ನಾನು ಬರೆಯದಿದ್ದರೂ ಫೇಲು.

"ಕನ್ನಡ್ದಾಗೆ ಯೋಳಿ ಲಾಯರಿಗಳೇ," ಎಂದರು ಗೌಡರು.

ಹೇಳಿದೆ. "ರೈತನ ಕಷ್ಟ ದೊಡ್ಡದು, ಅವನಿಗೆ ವರ್ಷವೆಲ್ಲ ದುಡಿಮೆ ಅಂತ ಬರೆದಿದ್ದಾನೆ, ಚೆನ್ನಾಗಿದೆ." ಕೋರ್ಟಿನಲ್ಲೂ ಇಷ್ಟು ಚೊಕ್ಕವಾಗಿ ಸುಳ್ಳು ಹೇಳಿರಲಿಲ್ಲ. ನೆಂಟರು ತಲೆದೂಗಿದರು. ಗೌಡರ ಕಣ್ಣು ಒದ್ದೆಯಾಯಿತು.

ಸಾಲಿನ ಕೊನೆಯಲ್ಲಿ ಸಿದ್ದ ಮೆಲ್ಲಗೆ ನಕ್ಕ. ನಂತರ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ ಹೇಳಿದ: "ಹುಡ್ಗ ಒಪ್ಸಿದ್ದು ಆವತ್ ಕ್ಲಾಸ್ನಾಗೆ ಓದಿದ್ ನೋಟ್ಸೇಯ. ಆ ಮಾತ್ನ ನಾನು ಕನ್ನಡದಲ್ಲೇ ಕೇಳಿವ್ನಿ ಲಾಯರಿಗಳೇ. ಇರ್ಲಿ ಬುಡಿ, ಹುಡ್ಗ ಪಾಸಾದ್ನಲ್ಲ. ನೀವು ಉಣ್ಣಿ. ನಾಲೇಲಿ ನೀರು ಬುಟ್ಟವ್ರೆ, ಬತ್ತದ್ ಸಸಿ ಒಟ್ಲು ಪಾತಿ ನೋಡ್ಬೇಕು, ಓಯ್ತೀನಿ."

ಅವನ ಎಲೆಯಲ್ಲಿ ಹೋಳಿಗೆ ಇನ್ನೂ ಅರ್ಧ ಇತ್ತು. ಹಾಗೇ ಬಿಟ್ಟು ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದ.

ಲೆಕ್ಚರರೇ, ನೀವು ಪತ್ರಿಕೆಯ ಈ ನನ್ನ ಪುಟವನ್ನು ಪ್ರತಿ ವಾರ ಓದುತ್ತೀರೆಂದು ಬಷೀರ ಹೇಳಿದ್ದಾನೆ. ಈಗ ನಾನೂ ಎದ್ದು ನಿಂತಿದ್ದೇನೆ: ಯಾವ ಅರ್ಧ, ಸಾರ್?